ಹಾಡು ಕೇಳಿದ್ದು ತಪ್ಪಲ್ಲ, ಹಿಂದೆ ಹೋಗಿದ್ದು ತಪ್ಪು

ಪ್ರಶ್ನೆ: ನನಗೆ 29 ವರ್ಷ. ರಾಣೆಬೆನ್ನೂರು ಹತ್ತಿರದ ಹಳ್ಳಿಯವನು. ಬೆಂಗಳೂರಿಗೆ ಬಂದು ಕೆಲವು ವರ್ಷಗಳಾದವು. ಅತ್ತಿಗುಪ್ಪೆಯಲ್ಲಿ ಪಿ.ಜಿ., ಕೆಲಸ ವೈಟ್‌ಫೀಲ್ಡ್ ಕಡೆ. ದಿನಾ ಬೆಳಿಗ್ಗೆ ನೇರಳೆ ಮಾರ್ಗದ ಮೆಟ್ರೊ ಹತ್ತಿ ಪಟ್ಟಂದೂರು ಅಗ್ರಹಾರದಲ್ಲಿ ಇಳಿಯುತ್ತೇನೆ. ಸುಮಾರು ಒಂದು ಗಂಟೆಯ ದಾರಿ. ಮೆಜೆಸ್ಟಿಕ್ ಬರುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಷ್ಟು ಜನ ಮೈಗೆ ಮೈ ತಾಗಿ ನಿಂತಿದ್ದರೂ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ನಮ್ಮೂರ ಬಸ್ಸಿನಲ್ಲಿ ಹಾಗಿರಲಿಲ್ಲ. ಆಫೀಸಿನಲ್ಲೂ ಕೆಲಸದ ಮಾತು ಬಿಟ್ಟರೆ ಬೇರೆ ಇಲ್ಲ. ಕೆಲವು ದಿನ ರಾತ್ರಿ ಮಲಗುವಾಗ, ಇವತ್ತು ನಾನು ಕನ್ನಡದಲ್ಲಿ ಯಾರ ಹತ್ತಿರ ಮಾತಾಡಿದೆ ಎಂದು ಯೋಚಿಸಿದರೆ ಮೆಸ್ಸಿನ ಅಣ್ಣ ಒಬ್ಬನೇ ನೆನಪಾಗುತ್ತಾನೆ.

ಈಚೆಗೆ ಹೊಸ ಇಯರ್‌ಬಡ್ಸ್ ತೆಗೆದುಕೊಂಡೆ. ರೈಲಿನಲ್ಲಿ ಸೆಟ್ಟಿಂಗ್ಸ್ ತಡಕಾಡುವಾಗ ‘ಆರಾಕಾಸ್ಟ್’ ಎಂಬುದು ಸಿಕ್ಕಿತು. ಸುತ್ತಮುತ್ತ ಯಾರಾದರೂ ತಮ್ಮ ಫೋನಿನಿಂದ ಧ್ವನಿ ಪ್ರಸಾರ ಮಾಡುತ್ತಿದ್ದರೆ ಅದು ಹೆಸರು ತೋರಿಸುತ್ತದೆ. ಒಂದೇ ಒಂದು ಹೆಸರಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ: ‘ಬೆಳಗಿನ ಹಾಡು’. ಪಾಸ್‌ವರ್ಡ್ ಕೇಳಲಿಲ್ಲ. ಒತ್ತಿದೆ. ರಾಜನ್–ನಾಗೇಂದ್ರ ಸಂಗೀತ, ಎಸ್. ಜಾನಕಿ ಹಾಡುತ್ತಿದ್ದರು. ಆಮೇಲೆ ಸಿ. ಅಶ್ವತ್ಥ್ ಭಾವಗೀತೆ. ಮತ್ತೊಂದು ದಿನ ಮಲ್ಲಿಕಾರ್ಜುನ ಮನಸೂರರ ವಚನ ಬಂತು. ನಮ್ಮ ಮನೆಯಲ್ಲಿ ಅಪ್ಪ ಬೆಳಿಗ್ಗೆ ಧಾರವಾಡ ಆಕಾಶವಾಣಿ ಹಚ್ಚುತ್ತಿದ್ದರು. ಸುರಂಗದಲ್ಲಿ ನಿಂತವನಿಗೆ ಕಣ್ಣು ತುಂಬಿ ಬಂದವು.

ಅಲ್ಲಿಂದ ದಿನಾ ಕೇಳತೊಡಗಿದೆ. ಯಾವ ನಿಲ್ದಾಣದಲ್ಲಿ ಹೆಸರು ಕಾಣಿಸುತ್ತದೆ, ಎಲ್ಲಿ ಮಾಯವಾಗುತ್ತದೆ ಎಂದು ಗಮನಿಸಿದೆ. ಅಲ್ಲಿ ಇಳಿಯುವವರನ್ನು ನೋಡತೊಡಗಿದೆ. ಬೋಗಿಯಲ್ಲಿ ಹಿಂದೆ ಮುಂದೆ ಸರಿದು ಧ್ವನಿ ಎಲ್ಲಿ ಕಡಿಯುತ್ತದೆ ಎಂದು ಪರೀಕ್ಷೆ ಮಾಡಿದೆ. ಒಬ್ಬ ಹೆಣ್ಣುಮಗಳೇ ಇರಬೇಕು ಅನ್ನಿಸಿತು. ಒಂದು ದಿನ ತಡೆಯಲಾರದೆ ಅವರ ಹಿಂದೆಯೇ ಇಳಿದು ಎಸ್ಕಲೇಟರ್ ತನಕ ಹೋದೆ. ಅವರು ತಿರುಗಿ ನೋಡಿದರು. ನಾನು ಫೋನ್ ನೋಡುವವನಂತೆ ಅಲ್ಲೇ ನಿಂತುಬಿಟ್ಟೆ. ಆಮೇಲೆ ಮುಂದಿನ ರೈಲು ಹಿಡಿದು ಆಫೀಸಿಗೆ ಹೋದೆ. ಮಾರನೆಯ ದಿನದಿಂದ ‘ಬೆಳಗಿನ ಹಾಡು’ ಕಾಣಿಸುತ್ತಿಲ್ಲ.

ಮೇಡಂ, ಇಷ್ಟು ದಿನ ನಾನು ಕದ್ದು ಕೇಳಿದೆನೆ? ಅವರು ನನ್ನಿಂದ ಹೆದರಿದರೆ? ಹೋಗಿ ಕ್ಷಮೆ ಕೇಳಲೆ? ಎದುರಿಗೆ ನಿಂತು ಕೇಳುವ ಧೈರ್ಯವಿಲ್ಲ. ನನ್ನ ಫೋನಿನಿಂದಲೇ ಒಂದು ಪ್ರಸಾರ ಶುರುಮಾಡಿ ಅದಕ್ಕೆ ‘ಕ್ಷಮಿಸಿ ಬೆಳಗಿನ ಹಾಡು’ ಎಂದು ಹೆಸರಿಡಬಹುದೆ? ರೂಮಿನ ಗೆಳೆಯ, ‘ಸಿನಿಮಾ ಕಥಿ ಇದ್ದಂಗ ಐತಿ, ಬಿಡಬ್ಯಾಡಲೇ’ ಅನ್ನುತ್ತಾನೆ. ನನಗೆ ನಿದ್ದೆ ಬರುತ್ತಿಲ್ಲ.

— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರವನ್ನು ಪ್ರಕಟಿಸುವ ಮೊದಲು ನಾನು ಒಂದು ಕೆಲಸ ಮಾಡಿದ್ದೇನೆ. ಆ ಹೆಣ್ಣುಮಗಳು ಹತ್ತುವ ಇಳಿಯುವ ನಿಲ್ದಾಣಗಳು, ನೀವು ಹಿಡಿಯುವ ರೈಲಿನ ಹೊತ್ತು, ಅವರ ಉಡುಪು, ಚೀಲ, ಕನ್ನಡಕದ ಬಗ್ಗೆ ನೀವು ಬರೆದದ್ದನ್ನೆಲ್ಲ ತೆಗೆದುಹಾಕಿದ್ದೇನೆ. ಪ್ರಸಾರದ ಹೆಸರನ್ನೂ ಬದಲಿಸಿದ್ದೇನೆ. ಬೆಳಿಗ್ಗೆ ಕಾಫಿ ಕುಡಿಯುತ್ತ ಈ ಪುಟ ತೆರೆದ ಯಾವ ಹೆಣ್ಣುಮಗಳಿಗೂ ‘ಇದು ನನ್ನ ಬಗ್ಗೆಯೇ ಬರೆದದ್ದು’ ಎಂದು ಎದೆ ಧಸಕ್ಕೆನ್ನಬಾರದು. ನೀವು ಅಷ್ಟು ವಿವರ ಬರೆದಿದ್ದಿರಿ ಎಂಬುದನ್ನೇ ಒಮ್ಮೆ ಯೋಚಿಸಿ ನೋಡಿ. ನೀವು ಕೇಳುತ್ತಿದ್ದದ್ದು ಹಾಡು. ನೆನಪಿಟ್ಟುಕೊಂಡದ್ದು ಅವರ ಚೀಲದ ಬಣ್ಣ.

ಗೆಳೆಯನ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ. ನಾಯಕಿ ಬೇಡವೆಂದರೂ ನಾಯಕ ಬಿಡದೆ ಹಿಂದೆ ಬೀಳುವುದನ್ನು ಪ್ರೀತಿಯೆಂದು ನಮ್ಮ ಸಿನಿಮಾಗಳು ಬಹಳ ಕಾಲ ತೋರಿಸಿವೆ. ಅದರ ಬೆಲೆಯನ್ನು ಬಸ್‌ಸ್ಟ್ಯಾಂಡಿನಲ್ಲಿ, ಕಾಲೇಜಿನ ಗೇಟಿನಲ್ಲಿ ಹುಡುಗಿಯರು ತೆತ್ತಿದ್ದಾರೆ.

ಈಗ ಮೊದಲ ಪ್ರಶ್ನೆ. ಕದ್ದು ಕೇಳಿದಿರಾ? ಇಲ್ಲ. ಇದರಲ್ಲಿ ನೀವು ಕೊರಗುವುದಕ್ಕೆ ಏನೂ ಇಲ್ಲ. ಯಾಕೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬಹಳ ಓದುಗರಿಗೆ ಈ ಸೌಲಭ್ಯ ಇನ್ನೂ ಹೊಸದು.

ನಾವು ಇಷ್ಟು ವರ್ಷ ಬಳಸಿದ ಬ್ಲೂಟೂತ್‌ನಲ್ಲಿ ಫೋನು ಮತ್ತು ಇಯರ್‌ಫೋನು ಒಂದಕ್ಕೊಂದು ಗುರುತು ಹೇಳಿಕೊಂಡು ಜೋಡಿಯಾಗಬೇಕಿತ್ತು. ಮೂರನೆಯವರಿಗೆ ಅಲ್ಲಿ ಜಾಗವಿರಲಿಲ್ಲ. ಬ್ಲೂಟೂತ್‌ನ ಉಸ್ತುವಾರಿ ನೋಡುವ ಒಕ್ಕೂಟ 2020ರ ಜನವರಿಯಲ್ಲಿ ಹೊಸ ಧ್ವನಿ ವ್ಯವಸ್ಥೆಯೊಂದನ್ನು ಪ್ರಕಟಿಸಿತು. ಅದರ ಪ್ರಸಾರದ ಭಾಗಕ್ಕೆ 2022ರಲ್ಲಿ ಆರಾಕಾಸ್ಟ್ ಎಂದು ಹೆಸರಾಯಿತು. ಇದರಲ್ಲಿ ಫೋನು ಯಾರ ಜೊತೆಗೂ ಜೋಡಿಯಾಗುವುದಿಲ್ಲ. ಪುಟ್ಟ ರೇಡಿಯೊ ಕೇಂದ್ರದ ಹಾಗೆ ಧ್ವನಿಯನ್ನು ಸುತ್ತ ಹರಡುತ್ತದೆ. ಒಬ್ಬರು ಕೇಳಬಹುದು, ನೂರು ಜನ ಕೇಳಬಹುದು. ಯಾರು ಕೇಳುತ್ತಿದ್ದಾರೆ ಎಂಬುದು ಕಳಿಸುವ ಫೋನಿಗೆ ತಿಳಿಯುವುದಿಲ್ಲ. ವಿಮಾನ ನಿಲ್ದಾಣದ ಪ್ರಕಟಣೆ ಪ್ರಯಾಣಿಕರ ಕಿವಿಗೆ ನೇರವಾಗಿ ತಲುಪಲಿ, ಸಭಾಂಗಣದಲ್ಲಿ ಶ್ರವಣಯಂತ್ರ ಹಾಕಿಕೊಂಡ ಹಿರಿಯರಿಗೆ ವೇದಿಕೆಯ ಮಾತು ಸ್ಪಷ್ಟವಾಗಿ ಕೇಳಲಿ ಎಂಬುದು ಇದರ ಮುಖ್ಯ ಉದ್ದೇಶಗಳಲ್ಲಿ ಒಂದು. ಕಿವಿ ಮಂದವಾದವರ ಪಾಲಿಗೆ ಇದು ದೊಡ್ಡ ಉಪಕಾರ. ನಮ್ಮ ರಂಗಮಂದಿರಗಳು ಇದನ್ನು ಬೇಗ ಅಳವಡಿಸಿಕೊಳ್ಳಲಿ ಎಂಬುದು ನನ್ನ ಆಸೆ.

ಬೇಡವಾದವರು ಕೇಳದಂತೆ ಪ್ರಸಾರಕ್ಕೆ ಪಾಸ್‌ವರ್ಡ್ ಹಾಕಬಹುದು. ನೀವು ಕೇಳಿದ್ದಕ್ಕೆ ಅದು ಇರಲಿಲ್ಲ. ಜೊತೆಗೆ, ಯಾರೋ ಕೂತು ಯೋಚಿಸಿ ಇಟ್ಟಂತಹ ಹೆಸರಿತ್ತು. ಪಕ್ಕದ ಮನೆಯ ಪಾರಿಜಾತದ ಹೂವು ಕಾಂಪೌಂಡಿನ ಈಚೆ ರಸ್ತೆಗೆ ಬಿದ್ದಿದ್ದರೆ ಆರಿಸಿಕೊಳ್ಳುವುದು ಕಳ್ಳತನವಾಗುವುದಿಲ್ಲ. ಗೇಟು ತೆಗೆದು ಒಳಗೆ ಹೋದರೆ ಮಾತು ಬೇರೆ. ಇಷ್ಟಾದರೂ ಒಂದು ಅನುಮಾನ ಉಳಿಯುತ್ತದೆ: ಗೆಳತಿಯೊಬ್ಬಳ ಜೊತೆ ಹಂಚಿಕೊಳ್ಳಲು ಶುರುಮಾಡಿ, ಬೋಗಿಯವರೆಲ್ಲ ಕೇಳಬಹುದು ಎಂಬ ಅರಿವೇ ಇಲ್ಲದೆ ಹಾಗೆಯೇ ಬಿಟ್ಟಿದ್ದರೂ ಇರಬಹುದು. ಆದ್ದರಿಂದ ತೆರೆದ ಪ್ರಸಾರದಲ್ಲಿ ಹಾಡಿನ ಬದಲು ಯಾರದಾದರೂ ಖಾಸಗಿ ಮಾತು ಕಿವಿಗೆ ಬಿದ್ದರೆ ತಕ್ಷಣ ಹೊರಗೆ ಬರಬೇಕು. ಹಾಡು ಕೇಳಿದ್ದಕ್ಕೆ ಮಾತ್ರ ನೀವು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ.

ಗಂಟು ಬಿದ್ದದ್ದು ಮುಂದೆ. ಕಳಿಸುವವರಿಗೆ ಕೇಳುವವರು ಯಾರೆಂದು ತಿಳಿಯುವುದಿಲ್ಲ ಎಂದೆನಲ್ಲ, ಆ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ದಿನಾ ಬೆಳಿಗ್ಗೆ ಅವರು ನಿಮಗೆ ಹಾಡು ಕೇಳಿಸಿದರು ಎಂದು ನಿಮ್ಮ ಮನಸ್ಸು ಲೆಕ್ಕ ಹಾಕಿದೆ. ಅವರು ನಿಮಗೆಂದು ಕೇಳಿಸಲಿಲ್ಲ. ನೀವು ಅಲ್ಲಿದ್ದೀರಿ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅಪ್ಪ ಹಚ್ಚುತ್ತಿದ್ದ ರೇಡಿಯೊದ ನೆನಪು, ಒಂಟಿತನ, ಸುರಂಗದ ಕತ್ತಲೆ, ಮನಸೂರರ ಕಂಠ ಎಲ್ಲ ಸೇರಿ ನಿಮ್ಮೊಳಗೆ ಒಂದು ಪರಿಚಯ ಬೆಳೆಯಿತು. ಅವರ ಕಡೆ ಅದರ ಒಂದು ಎಳೆಯೂ ಇಲ್ಲ.

ಇಂಥ ಒಮ್ಮುಖದ ಬಾಂಧವ್ಯ ಹುಸಿ ಎಂದು ನಾನು ಹೇಳುವುದಿಲ್ಲ. ನೀವು ಓಡಾಡುವ ರೈಲಿನಲ್ಲೇ ಇದಕ್ಕೆ ಸಾಕ್ಷಿ ಇದೆ. ನಮ್ಮ ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ಧ್ವನಿ ಕೊಟ್ಟವರು ಅಪರ್ಣಾ. ಮುಂದಿನ ನಿಲ್ದಾಣ ಯಾವುದು, ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಅವರು ಹೇಳುವುದನ್ನು ಲಕ್ಷಾಂತರ ಜನ ಕೇಳಿಕೊಂಡು ಕೆಲಸಕ್ಕೆ ಹೋದರು. 2024ರ ಜುಲೈ 11ರಂದು ಅವರು ತೀರಿಕೊಂಡಾಗ, ಅವರನ್ನು ಎದುರಿಗೆ ಒಮ್ಮೆಯೂ ನೋಡದವರು ಮನೆಯವರನ್ನು ಕಳೆದುಕೊಂಡಂತೆ ಮರುಗಿದರು. ಆ ದುಃಖ ಸುಳ್ಳಾಗಿರಲಿಲ್ಲ. ಹಾಗೆಂದು ಅಷ್ಟು ಜನ ಅವರ ಮನೆ ಹುಡುಕಿಕೊಂಡು ಹೋಗಿ ‘ನಿಮ್ಮ ಧ್ವನಿ ದಿನಾ ಕೇಳುತ್ತೇನೆ, ನನ್ನನ್ನು ಮಾತಾಡಿಸಿ’ ಎಂದು ಬಾಗಿಲು ತಟ್ಟಲಿಲ್ಲ. ಧ್ವನಿಯನ್ನು ಪ್ರೀತಿಸಿದರು, ಮನುಷ್ಯರನ್ನು ಅವರ ಪಾಡಿಗೆ ಬಿಟ್ಟರು. ಹಾಡನ್ನು ಪಡೆದುಕೊಂಡ ಕೃತಜ್ಞತೆಗೂ ಅಷ್ಟೇ ಸಾಕು. ಅದು ವಿಳಾಸಕ್ಕೆ ತಲುಪಲೇಬೇಕೆಂದಿಲ್ಲ.

ಅಪರಿಚಿತರ ಜೊತೆ ಹಾಡು ಹಂಚಿಕೊಳ್ಳುವ ಆಸೆ ನಿಮ್ಮೊಬ್ಬರದಲ್ಲ. 1979ರ ಜುಲೈನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ಮೊದಲ ವಾಕ್‌ಮನ್‌ನಲ್ಲಿ ಹೆಡ್‌ಫೋನ್ ಸಿಕ್ಕಿಸುವ ತೂತು ಎರಡಿದ್ದವು. ಒಬ್ಬರೇ ಕಿವಿ ಮುಚ್ಚಿಕೊಂಡು ಕೇಳುವುದು ಜೊತೆಯಲ್ಲಿದ್ದವರಿಗೆ ಅಗೌರವವಾದೀತು ಎಂಬ ಅಳುಕು ಸೋನಿಯ ಅಕಿಯೊ ಮೊರಿಟಾ ಅವರಿಗಿತ್ತು. ಹಾಡಿನ ಸದ್ದು ತಗ್ಗಿಸಿ ಇಬ್ಬರೂ ಮಾತಾಡಿಕೊಳ್ಳಲು ಕಿತ್ತಳೆ ಬಣ್ಣದ ಒಂದು ಗುಂಡಿಯನ್ನೂ ಇಟ್ಟಿದ್ದರು. ಕೊಂಡ ಜನರಿಗೆ ಅದು ಬೇಕಾಗಲಿಲ್ಲ, ಪ್ರತಿಯೊಬ್ಬರಿಗೂ ತಮ್ಮದೇ ವಾಕ್‌ಮನ್ ಬೇಕಿತ್ತು. ಮುಂದೆ ಆ ಎರಡನೆಯ ತೂತು, ಗುಂಡಿ ಎರಡೂ ಹೋದವು. 2000ದ ನಂತರದ ಮೊದಲ ವರ್ಷಗಳಲ್ಲಿ ಡಬ್ಲಿನ್‌ನ ಮೀಡಿಯಾ ಲ್ಯಾಬ್ ಯುರೋಪ್‌ನವರು ‘ಟ್ಯೂನಾ’ ಎಂಬ ಪ್ರಯೋಗ ಮಾಡಿದರು: ಕೈಯಲ್ಲಿ ಹಿಡಿಯುವ ಸಾಧನದಲ್ಲಿ ಹತ್ತಿರದ ಅಪರಿಚಿತರ ಹಾಡಿನ ಪಟ್ಟಿ ಕಾಣುತ್ತಿತ್ತು, ಬೇಕೆಂದರೆ ಅವರ ಕಿವಿಗೆ ಬೀಳುತ್ತಿದ್ದ ಹಾಡು ಅದೇ ಗಳಿಗೆಯಲ್ಲಿ ನಿಮ್ಮ ಕಿವಿಗೂ ಬೀಳುತ್ತಿತ್ತು. ಅದೇ ದಾರಿಯಲ್ಲಿ ಸಾಗಿದ ಕೆಲವು ಸಂಶೋಧಕರು ಲಂಡನ್ನಿನ ಸುರಂಗ ರೈಲಿಗಾಗಿಯೇ ‘ಅಂಡರ್‌ಸೌಂಡ್’ ಎಂಬ ಯೋಜನೆ ರೂಪಿಸಿದರು. 2006ರಲ್ಲಿ ಮೈಕ್ರೋಸಾಫ್ಟ್ ತಂದ ‘ಜೂನ್’ ಎಂಬ ಸಾಧನದಲ್ಲಿ ಪಕ್ಕದವರಿಗೆ ವೈಫೈ ಮೂಲಕ ಹಾಡು ಕಳಿಸಬಹುದಿತ್ತು. ಪಡೆದವರು ಮೂರು ಸಲ ಕೇಳಿದರೆ ಅಥವಾ ಮೂರು ದಿನ ಕಳೆದರೆ ಅದು ಕೈಬಿಡುತ್ತಿತ್ತು. ಇವು ಯಾವುವೂ ಊರತುಂಬ ಹರಡಲಿಲ್ಲ. ಇಷ್ಟೊಂದು ಜನ ಜಾಣರು ಇದರ ಹಿಂದೆ ಬಿದ್ದರೆಂದರೆ, ಗುಂಪಿನಲ್ಲಿ ಒಂಟಿಯಾಗಿ ನಿಂತವರಿಗೆ ಪಕ್ಕದ ಕಿವಿಯಲ್ಲಿ ಏನು ಹಾಡುತ್ತಿದೆ ಎಂಬ ಕುತೂಹಲ ಎಲ್ಲ ಊರಲ್ಲೂ ಇದೆ ಎಂದಾಯಿತು.

ಹಂಚಿಕೆ ಹೇಗೆ ಕೆಡುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. ಆಪಲ್ ಫೋನುಗಳ ಏರ್‌ಡ್ರಾಪ್ ಸೌಲಭ್ಯವನ್ನು ‘ಎಲ್ಲರಿಗೂ’ ಎಂದು ತೆರೆದಿಟ್ಟವರ ಫೋನಿಗೆ ರೈಲುಗಳಲ್ಲಿ ಅಪರಿಚಿತ ಗಂಡಸರು ಅಸಹ್ಯ ಚಿತ್ರಗಳನ್ನು ತಳ್ಳತೊಡಗಿದರು. ಹಲವು ದೇಶಗಳ ಹೆಣ್ಣುಮಕ್ಕಳು ದೂರಿದರು. 2022ರ ಕೊನೆಯ ಹೊತ್ತಿಗೆ ಆಪಲ್, ‘ಎಲ್ಲರಿಗೂ’ ಎಂಬ ಆಯ್ಕೆ ಹತ್ತು ನಿಮಿಷಕ್ಕೆ ತಾನೇ ಮುಚ್ಚಿಕೊಳ್ಳುವಂತೆ ಮಾಡಿತು. ಆರಾಕಾಸ್ಟ್ ಈ ವಿಷಯದಲ್ಲಿ ಹೆಚ್ಚು ಮರ್ಯಾದೆಯ ವ್ಯವಸ್ಥೆ. ಕಳಿಸುವವರು ಯಾರ ಕಿವಿಗೂ ಏನನ್ನೂ ತುರುಕಲಾರರು, ಕೇಳುವವರೇ ಆರಿಸಿಕೊಳ್ಳಬೇಕು. ಇಬ್ಬರೂ ಮುಖ ತೋರಿಸಬೇಕಾಗಿಲ್ಲ. ಈ ಸೌಲಭ್ಯದ ಚೆಲುವೇ ಅದು. ನೀವು ಬೋಗಿಯಲ್ಲಿ ಹಿಂದೆ ಮುಂದೆ ನಡೆದು ಧ್ವನಿ ಎಲ್ಲಿ ಕಡಿಯುತ್ತದೆ ಎಂದು ಅಳೆಯತೊಡಗಿದ ಗಳಿಗೆಯಲ್ಲಿ ಆ ಮರೆಯನ್ನು ಸರಿಸಲು ಕೈ ಹಾಕಿದಿರಿ.

ಇನ್ನು ಎಸ್ಕಲೇಟರಿನ ಹತ್ತಿರ ಬರೋಣ. ಆ ಹೆಣ್ಣುಮಗಳು ನಿಂತ ಜಾಗದಿಂದ ನೋಡಿ. ನೀವು ಹಾಡು ಕೇಳುತ್ತಿದ್ದ ವಿಷಯ ಅವರಿಗೆ ಗೊತ್ತಿಲ್ಲ. ನಿಮ್ಮ ಅಪ್ಪ, ಧಾರವಾಡ ಆಕಾಶವಾಣಿ, ತುಂಬಿ ಬಂದ ಕಣ್ಣು ಯಾವುದೂ ಗೊತ್ತಿಲ್ಲ. ಅವರಿಗೆ ಕಂಡದ್ದು ಇಷ್ಟು: ದಿನಾ ಅದೇ ಬೋಗಿಯಲ್ಲಿ ತಮ್ಮ ಕಡೆ ನೋಡುತ್ತಿದ್ದ ಒಬ್ಬ ಗಂಡಸು, ಎಂದೂ ಇಳಿಯದ ನಿಲ್ದಾಣದಲ್ಲಿ ಇವತ್ತು ಬೆನ್ನ ಹಿಂದೆ ಇಳಿದಿದ್ದಾನೆ. ತಿರುಗಿ ನೋಡಿದರೆ ತಟ್ಟನೆ ನಿಂತು ಫೋನಿಗೆ ಮುಖ ಹಾಕುತ್ತಾನೆ. ಒಳ್ಳೆಯವನು ಮುಜುಗರದಿಂದ ನಿಂತರೂ ಕೆಟ್ಟವನು ಸಿಕ್ಕಿಬೀಳುವ ಭಯದಿಂದ ನಿಂತರೂ ನೋಡುವವರಿಗೆ ಒಂದೇ ಥರ ಕಾಣುತ್ತದೆ. ಆಮೇಲೆ ಅವರ ಬೆಳಿಗ್ಗೆಗಳು ಹೇಗಿರುತ್ತವೆ ಎಂದು ನಿಮ್ಮ ಅಕ್ಕತಂಗಿಯರನ್ನು, ಆಫೀಸಿನ ಹೆಣ್ಣುಮಕ್ಕಳನ್ನು ಕೇಳಿ, ಹೇಳುತ್ತಾರೆ. ಒಂದು ರೈಲು ಬಿಟ್ಟು ಮುಂದಿನದನ್ನು ಹತ್ತುವುದು, ಎಷ್ಟು ನೂಕುನುಗ್ಗಲಿದ್ದರೂ ಮುಂದಿನ ಮಹಿಳಾ ಬೋಗಿಗೇ ಹೋಗುವುದು, ಯಾರೂ ಆ ಕಡೆ ಇಲ್ಲದಿದ್ದರೂ ಫೋನ್ ಕಿವಿಗಿಟ್ಟು ‘ಹಾಂ, ಹೊರಗೇ ನಿಂತಿರು’ ಎಂದು ಮಾತಾಡುತ್ತ ನಡೆಯುವುದು. ಈ ಲೆಕ್ಕಾಚಾರ ಹಾಕದೆ ಈ ಊರಿನಲ್ಲಿ ಓಡಾಡುವ ಹೆಣ್ಣುಮಕ್ಕಳು ಕಡಿಮೆ.

ಕಾನೂನಿನ ವಿಷಯವನ್ನೂ ಮುಚ್ಚಿಡುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು ಹೆಣ್ಣನ್ನು ಹಿಂಬಾಲಿಸುವುದನ್ನು ಅಪರಾಧ ಎನ್ನುತ್ತದೆ. ಆಕೆ ಒಲ್ಲೆ ಎಂದು ಸ್ಪಷ್ಟವಾಗಿ ತೋರಿಸಿದ ಮೇಲೂ ಹಿಂದೆ ಬಿದ್ದು ಮತ್ತೆ ಮತ್ತೆ ಸಂಪರ್ಕಕ್ಕೆ ಯತ್ನಿಸಿದರೆ, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು ಆಗಬಹುದು. ಒಂದು ದಿನದ ನಿಮ್ಮ ನಡೆ ಅಲ್ಲಿಗೆ ಮುಟ್ಟಿದೆ ಎಂದು ನಾನು ಹೇಳುತ್ತಿಲ್ಲ. ಗೆಳೆಯನ ಮಾತು ಕೇಳಿದ್ದರೆ ಕಾಲು ಆ ಕಡೆಗೇ ಹೋಗುತ್ತಿತ್ತು.

ಇನ್ನೊಂದು ಮಾತನ್ನು ನೀವು ಯೋಚಿಸಿದಂತಿಲ್ಲ. ಅವರು ಆ ಪ್ರಸಾರದವರು ಅಲ್ಲದೆಯೂ ಇರಬಹುದು. ನಮ್ಮ ಮೆಟ್ರೊ ರೈಲಿನ ಬೋಗಿಗಳ ನಡುವೆ ಬಾಗಿಲಿಲ್ಲ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದುಹೋಗಬಹುದು. ಬ್ಲೂಟೂತ್ ಅಲೆ ಮನುಷ್ಯರ ಮೈಗೆ ಸಿಕ್ಕರೆ ಕುಗ್ಗುತ್ತದೆ, ಸಂದಿ ಸಿಕ್ಕಿದ ಕಡೆ ದೂರ ಹೋಗುತ್ತದೆ. ಕಿಕ್ಕಿರಿದ ಬೋಗಿಯಲ್ಲಿ ಧ್ವನಿ ಕಡಿದ ಜಾಗ ನೋಡಿ ಇಂಥವರದೇ ಫೋನು ಎಂದು ಹೇಳಲು ಬರುವುದಿಲ್ಲ. ರಾಜನ್–ನಾಗೇಂದ್ರ, ಅಶ್ವತ್ಥ್, ಮನಸೂರ್ ಕೇಳುವವರು ನಿವೃತ್ತಿಗೆ ಹತ್ತಿರವಿರುವ ಗುಮಾಸ್ತರೊಬ್ಬರೂ ಆಗಿರಬಹುದು, ಪಕ್ಕದ ಬೋಗಿಯ ವಿದ್ಯಾರ್ಥಿಯೂ ಆಗಿರಬಹುದು. ಅದೇ ನಿಲ್ದಾಣದಲ್ಲಿ ಇಳಿಯುವ ಅಷ್ಟು ಜನರಲ್ಲಿ ನಿಮ್ಮ ಮನಸ್ಸು ಒಬ್ಬ ಹೆಣ್ಣುಮಗಳನ್ನೇ ಆರಿಸಿತು. ಯಾಕೆ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇದನ್ನು ಬೈಗುಳವಾಗಿ ಹೇಳುತ್ತಿಲ್ಲ. ನಿಮಗೆ ಬೇಕಾಗಿದ್ದದ್ದು ಹಾಡಿಗಿಂತ ಹೆಚ್ಚಿನದು, ಒಬ್ಬ ಸಂಗಾತಿ. ಆ ಬಯಕೆಯಲ್ಲಿ ತಪ್ಪಿಲ್ಲ, ಅದನ್ನು ಹೊರಿಸಿದ್ದು ಮಾತ್ರ ಏನೂ ಅರಿಯದವರ ಮೇಲೆ.

ಹಾಗಾದರೆ ಹಾಡು ನಿಂತದ್ದು ಯಾಕೆ? ಹೆದರಿಕೆಯಿಂದ ಇರಬಹುದು. ರಜೆ ಹಾಕಿರಬಹುದು, ಕೆಲಸದ ಹೊತ್ತು ಬದಲಾಗಿರಬಹುದು, ಫೋನು ಕೆಟ್ಟಿರಬಹುದು. ನಿಮಗೆ ಇದು ಎಂದಿಗೂ ಗೊತ್ತಾಗುವುದಿಲ್ಲ. ಗೊತ್ತಾಗದೆ ಇರುವುದನ್ನು ತಾಳಿಕೊಳ್ಳುವುದು ಕಷ್ಟ. ಈಗ ನಿಮ್ಮ ಪಾಲಿಗೆ ಬಂದಿರುವ ಕೆಲಸ ಅದೇ.

ಕ್ಷಮೆ ಕೇಳಲು ಹೋಗಬೇಡಿ. ಕ್ಷಮೆ ಕೇಳಿದರೆ ಹಗುರವಾಗುವುದು ನಿಮ್ಮ ಎದೆ. ಅವರಿಗಾದರೋ ಹಿಂದೆ ಬಂದ ಗಂಡಸು ಈಗ ಎದುರಿಗೇ ಬಂದು ನಿಂತಂತಾಗುತ್ತದೆ. ‘ಪರವಾಗಿಲ್ಲ’ ಎಂದು ಅವರು ನಗುನಗುತ್ತ ಹೇಳಿದರೂ ಅದು ಹೆದರಿ ಹೇಳಿದ್ದೋ ಮನಸಾರೆ ಹೇಳಿದ್ದೋ ನಿಮಗೆ ತಿಳಿಯುವುದಿಲ್ಲ. ನಿಮ್ಮ ಪ್ರಸಾರಕ್ಕೆ ‘ಕ್ಷಮಿಸಿ’ ಎಂದು ಹೆಸರಿಡುವುದು ಅದಕ್ಕಿಂತ ಕೆಟ್ಟದು. ಅವರೇ ಆ ಪ್ರಸಾರದವರಾಗಿದ್ದು ಎಂದಾದರೂ ಪಟ್ಟಿ ತೆರೆದರೆ, ತಾವಿಟ್ಟ ಹೆಸರನ್ನು ಹಿಡಿದು ಯಾರೋ ಮುಖವಿಲ್ಲದವನು ಕರೆಯುತ್ತಿರುವುದು ಕಾಣಿಸುತ್ತದೆ. ಯಾರು, ಎಲ್ಲಿ ನಿಂತಿದ್ದಾನೆ, ಎಷ್ಟು ದಿನದಿಂದ ನೋಡುತ್ತಿದ್ದಾನೆ ಎಂದು ತಿಳಿಯದೆ ಇಡೀ ಬೋಗಿಯ ಮೇಲೆ ಅನುಮಾನ ಹುಟ್ಟುತ್ತದೆ. ಈ ಯೋಚನೆಯನ್ನು ಪೂರ್ತಿ ಕೈಬಿಡಿ.

ನೀವು ಅವರಿಗೆ ಕೊಡಬಹುದಾದದ್ದು ಒಂದೇ, ನೆಮ್ಮದಿ. ನಾಳೆಯಿಂದ ಬೇರೆ ರೈಲು ಹಿಡಿಯಿರಿ. ಹೊತ್ತು ಹೊಂದದಿದ್ದರೆ ಕೊನೆಯ ಬೋಗಿಗೆ ಹೋಗಿ. ಎದುರಾದರೆ ಕಣ್ಣು ನೆಡಬೇಡಿ, ನಿಮ್ಮ ದಾರಿ ಹಿಡಿಯಿರಿ. ಕೆಲವು ವಾರಗಳಲ್ಲಿ ಅವರ ಭಯ, ಹುಟ್ಟಿದ್ದರೆ, ತಾನಾಗಿ ಕರಗುತ್ತದೆ. ಪಟ್ಟಿಯಲ್ಲಿ ಆ ಹೆಸರು ಮತ್ತೆ ಕಂಡರೆ ಒತ್ತಬೇಡಿ. ಬೇರೆಯವರಾಗಿದ್ದರೆ ಕೇಳಿ ಎನ್ನುತ್ತಿದ್ದೆ. ಸದ್ಯಕ್ಕೆ ನಿಮಗೆ ಆ ಹಾಡು ಬರೀ ಹಾಡಾಗಿ ಕೇಳಿಸುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1970ರ ದಶಕದಲ್ಲಿ ರೈಲಿಗೆ ಕಾಯುವ ಜನರನ್ನು ಅಧ್ಯಯನ ಮಾಡಿ, ದಿನಾ ನೋಡುವ ಆದರೆ ಎಂದೂ ಮಾತಾಡಿಸದ ಮುಖಗಳನ್ನು ‘ಪರಿಚಿತ ಅಪರಿಚಿತರು’ ಎಂದು ಕರೆದರು. ಮಾತಿಲ್ಲ ಎಂದ ಮಾತ್ರಕ್ಕೆ ಅಲ್ಲಿ ಸಂಬಂಧವೇ ಇಲ್ಲ ಎಂದು ಅವರು ತಿಳಿಯಲಿಲ್ಲ. ಇಬ್ಬರೂ ಒಪ್ಪಿ ಮೌನವಾಗಿಟ್ಟ ಸಂಬಂಧ ಎಂದರು. ಬ್ರೂಕ್ಲಿನ್‌ನ ಬೀದಿಯಲ್ಲಿ ಹೆಂಗಸೊಬ್ಬಳು ಕುಸಿದು ಬಿದ್ದಾಗ, ವರ್ಷಗಟ್ಟಲೆ ಅವಳನ್ನು ನೋಡುತ್ತಿದ್ದರೂ ಒಂದು ಮಾತೂ ಆಡದಿದ್ದ ಅದೇ ಬೀದಿಯವಳು ಆಂಬುಲೆನ್ಸ್ ಕರೆಸಿ, ಜೊತೆಗೆ ಆಸ್ಪತ್ರೆಯ ತನಕ ಹೋದಳು ಎಂದು ಅವರು ಬರೆದಿದ್ದಾರೆ. ತನಗೆ ಆಕೆಯ ಬಗ್ಗೆ ಹೊಣೆ ಇದೆ ಎನ್ನಿಸಿತು ಎಂದಳಂತೆ. ದಿನಾ ಒಟ್ಟಿಗೆ ಪ್ರಯಾಣ ಮಾಡುವವರ ನಡುವೆ ಹೊಣೆ ಹುಟ್ಟುತ್ತದೆ ಎಂಬುದನ್ನು ನಾನು ಪೂರ್ತಿ ನಂಬುತ್ತೇನೆ. ಆಪತ್ತು ಬಂದಾಗ ಕೈಹಿಡಿಯುವುದು ಆ ಹೊಣೆ. ಬೇರೆ ದಿನಗಳಲ್ಲಿ ಹೆದರಿಸದೆ ಇರುವುದೂ ಅದೇ.

ಈ ಅಂಕಣ ಓದುವ ಬೇರೆಯವರಿಗೂ ನಾಲ್ಕು ಮಾತು ಹೇಳಬೇಕು. ನಿಮ್ಮ ಫೋನಿನಿಂದ ಹಾಡು ಪ್ರಸಾರ ಮಾಡುವ ಆಸೆ ಇದ್ದರೆ ಮಾಡಿ, ಚೆಂದದ ಕೆಲಸ. ಪ್ರಸಾರದ ಹೆಸರಿನಲ್ಲಿ ನಿಮ್ಮ ಹೆಸರಾಗಲಿ ಆಫೀಸಿನ ಹೆಸರಾಗಲಿ ಇರಬಾರದು. ಫೋನಿಗೆ ನಿಮ್ಮ ಹೆಸರನ್ನೇ ಇಟ್ಟಿದ್ದರೆ ಅದೇ ಇಲ್ಲೂ ಕಾಣಿಸೀತು, ಮೊದಲು ನೋಡಿ ಬದಲಿಸಿ. ಗೆಳತಿಯ ಜೊತೆಗೆ ಮಾತ್ರ ಹಂಚಿಕೊಳ್ಳುವುದಾದರೆ ಪಾಸ್‌ವರ್ಡ್ ಹಾಕಿ. ಇಳಿಯುವ ನಿಲ್ದಾಣಕ್ಕಿಂತ ಸ್ವಲ್ಪ ಮೊದಲೇ ಆಫ್ ಮಾಡಿ, ಎಲ್ಲಿ ಇಳಿದಿರಿ ಎಂಬುದು ಯಾರಿಗೂ ತಿಳಿಯದಿರಲಿ. ಇಷ್ಟೆಲ್ಲ ಸೌಲಭ್ಯವಿರುವಾಗಲೂ ಸ್ಪೀಕರ್ ಹಾಕಿ ಬೋಗಿಗೆಲ್ಲ ಕೇಳಿಸುವವರು ಇನ್ನೂ ಇದ್ದಾರೆ. ಹೈಕೋರ್ಟಿನ ನಿರ್ದೇಶನದ ಮೇಲೆ ನಮ್ಮ ಕೆಎಸ್‌ಆರ್‌ಟಿಸಿ 2021ರ ನವೆಂಬರಿನಲ್ಲೇ ಬಸ್ಸಿನಲ್ಲಿ ಜೋರಾಗಿ ಹಾಡು, ವಿಡಿಯೊ ಹಾಕುವುದನ್ನು ನಿಷೇಧಿಸಿದೆ. ಮೆಟ್ರೊದಲ್ಲೂ ಅದಕ್ಕೆ ಅವಕಾಶವಿಲ್ಲ.

ಮತ್ತೆ ನಿಮ್ಮ ಮಾತಿಗೆ ಬರುತ್ತೇನೆ. ಪತ್ರದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಾಲು ಮೆಸ್ಸಿನ ಅಣ್ಣನದು. ಇಡೀ ದಿನದಲ್ಲಿ ಒಬ್ಬನ ಹತ್ತಿರ ಮಾತ್ರ ಕನ್ನಡ. ನಿಮ್ಮ ನಿದ್ದೆ ಕೆಡಿಸಿರುವುದು ಹಾಡು ನಿಂತದ್ದಕ್ಕಿಂತ ಹೆಚ್ಚಾಗಿ ಅದು. ಷಿಕಾಗೊ ವಿಶ್ವವಿದ್ಯಾಲಯದ ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ರೈಲಿನಲ್ಲಿ ಓಡಾಡುವವರಿಗೆ, ಪಕ್ಕದಲ್ಲಿ ಕೂತ ಅಪರಿಚಿತರನ್ನು ಮಾತಾಡಿಸಿ ಎಂದು ಹೇಳಿ ಕಳಿಸಿದ್ದರು. ಸುಮ್ಮನೆ ಕೂತರೇ ಹಿತ ಎಂದು ಜನ ಊಹಿಸಿದ್ದರೂ, ಮಾತಾಡಿಸಿದವರ ಪ್ರಯಾಣವೇ ಹೆಚ್ಚು ಸಂತೋಷದ್ದಾಗಿತ್ತು. ಹಾಗೆಂದು ನಾಳೆ ಮೆಟ್ರೊದಲ್ಲಿ ಯಾವ ಹೆಣ್ಣುಮಗಳನ್ನಾದರೂ ಮಾತಾಡಿಸಲು ಹೊರಡಬೇಡಿ. ಇಯರ್‌ಫೋನ್ ಇಲ್ಲದೆ ಕೂತ ಹಿರಿಯರಿರುತ್ತಾರೆ, ದಾರಿ ಕೇಳುವ ಹೊಸಬರಿರುತ್ತಾರೆ. ಅಲ್ಲಿಂದ ಶುರುಮಾಡಿ. ಎದುರಿನವರು ಬೇಡವೆಂದರೆ ಮುಖ ತಿರುಗಿಸಬಹುದು, ನೀವು ಸುಮ್ಮನಾಗಬಹುದು. ಇಬ್ಬರಿಗೂ ಆ ಸ್ವಾತಂತ್ರ್ಯ ಇರುವ ಕಡೆಯೇ ಸ್ನೇಹ ಬೆಳೆಯುವುದು.

ಹಾಡಿನ ರುಚಿ ನಿಮಗಿದೆ. ಬೆಂಗಳೂರಿನಲ್ಲಿ ಅದೇ ರುಚಿಯವರು ಸೇರುವ ಜಾಗಗಳು ಬೇಕಾದಷ್ಟಿವೆ. 1905ರಲ್ಲಿ ಹುಟ್ಟಿದ ಗಾಯನ ಸಮಾಜ ಕೆ.ಆರ್. ರಸ್ತೆಯಲ್ಲಿದೆ. ಬಸವನಗುಡಿಯ ಬಿ.ಪಿ. ವಾಡಿಯಾ ರಸ್ತೆಯ ವಿಶ್ವ ಸಂಸ್ಕೃತಿ ಸಂಸ್ಥೆಯಲ್ಲಿ ಕಾಸಿಲ್ಲದೆ ಕೂತು ಕೇಳಬಹುದಾದ ಕಾರ್ಯಕ್ರಮಗಳು ನಡೆಯುತ್ತವೆ. ರಾಮನವಮಿಯ ಹೊತ್ತಿಗೆ ಚಾಮರಾಜಪೇಟೆಯಲ್ಲಿ ಶ್ರೀರಾಮ ಸೇವಾ ಮಂಡಳಿಯ ಕಛೇರಿಗಳು ಇರುತ್ತವೆ. ನೀವಿರುವ ಅತ್ತಿಗುಪ್ಪೆಯ ಸುತ್ತಮುತ್ತಲೇ ದೊಡ್ಡವರಿಗೆ ಸುಗಮ ಸಂಗೀತ ಕಲಿಸುವವರು ಸಿಗುತ್ತಾರೆ, ವಿಚಾರಿಸಿ. ವಾರಕ್ಕೆರಡು ಸಂಜೆ ಹತ್ತು ಜನರ ಜೊತೆ ಕೂತು ಅಶ್ವತ್ಥರ ಒಂದು ಭಾವಗೀತೆ ಕಲಿಯಿರಿ. ಅಲ್ಲಿ ನಿಮ್ಮ ಹೆಸರು ಎಲ್ಲರಿಗೂ ಗೊತ್ತಿರುತ್ತದೆ.

ಅಪ್ಪನಿಗೆ ಇವತ್ತು ರಾತ್ರಿಯೇ ಫೋನ್ ಮಾಡಿ. ಮನಸೂರರ ವಚನ ಕೇಳಿ ಕಣ್ಣು ತುಂಬಿತು ಎಂದು ಅವರಿಗೆ ಹೇಳಿ. ಈ ಮಾತನ್ನು ಕೇಳಬೇಕಾದವರು ಅವರು. ನಿದ್ದೆ ಬಾರದಿರುವುದು ಹೀಗೆಯೇ ಮುಂದುವರಿದರೆ, ಅಥವಾ ಆ ಹೆಣ್ಣುಮಗಳ ಯೋಚನೆ ಬಿಡದೆ ಕಾಡಿದರೆ, 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಾಗಿಲ್ಲ. ನಾಳೆ ಬೆಳಿಗ್ಗೆ ಬೇರೆ ರೈಲು ಹಿಡಿಯಿರಿ, ಮತ್ತು ಒಂದೆರಡು ತಿಂಗಳ ನಂತರ ಹೇಗಿದ್ದೀರಿ ಎಂದು ನನಗೆ ಬರೆಯಿರಿ.